ಮೊಮ್ಮಗಳ ದೆವ್ವದ ಪ್ಲೇಟು

ನಲವತ್ತು ವರ್ಷ ಮೈಕ್‌ಸೆಟ್ ಅಂಗಡಿ ನಡೆಸಿದವನು ನಾನು. ಆ ಅನುಭವದಿಂದ ಒಂದು ಮಾತು ಹೇಳುತ್ತೇನೆ: ಚಾಲೂ ಇರುವ ಮೈಕಿನ ಮುಂದೆ ಬಾಯಿ ಮುಚ್ಚಿಕೊಂಡು ನಿಲ್ಲಬಲ್ಲ ಮನುಷ್ಯ ಇನ್ನೂ ಹುಟ್ಟಿಲ್ಲ. ಎಂಥ ಗಂಭೀರ ಸ್ವಭಾವದವನಾದರೂ ಮೈಕು ಕಂಡರೆ ಮೊದಲು ಬೆರಳಿನಿಂದ ಕುಟ್ಟುತ್ತಾನೆ, ಉಫ್ ಎಂದು ಊದುತ್ತಾನೆ, ಆಮೇಲೆ ಹಲೋ ಅನ್ನುತ್ತಾನೆ. ಆಶೀರ್ವಚನಕ್ಕೆ ಬಂದ ಸ್ವಾಮಿಗಳೂ ಅನ್ನುತ್ತಾರೆ, ಸತ್ತವರ ಬಗ್ಗೆ ಎರಡು ಮಾತಾಡಲು ಬಂದವರೂ ಅನ್ನುತ್ತಾರೆ. ಈಗ ನನ್ನ ಸ್ಥಿತಿಯೂ ಹಾಗೇ ಆಗಿದೆ. ಎದುರಿಗೆ ಮೈಕಿಲ್ಲ, ಆದರೆ ಬಾಯಿ ಮುಚ್ಚಲು ಆಗುತ್ತಿಲ್ಲ. ನನ್ನ ಮೊಮ್ಮಗಳು ಪ್ಲೇಟು ಹೊರಡಿಸಿದ್ದಾಳೆ! ಈ ಸುದ್ದಿಯನ್ನು ಸೊಪ್ಪು ಮಾರುವವಳಿಗೆ ಹೇಳಿದೆ, ಕಂಪ್ಲಿ ಬಸ್ಸಿನ ಕಂಡಕ್ಟರಿಗೆ ಹೇಳಿದೆ, ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಇಕ್ಕಳ ಇಟ್ಟಿದ್ದಾಗ ಅವರಿಗೂ ಹೇಳಿದೆ. ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಹೊಸಪೇಟೆಯಲ್ಲಿ ಹೇಳಲು ಇನ್ಯಾರೂ ಉಳಿಯದ ಕಾರಣ ನಿಮ್ಮ ಕಡೆ ತಿರುಗಿದ್ದೇನೆ. ಓದಿದ್ದು ಮೂರನೇ ಕ್ಲಾಸು. ಅಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದಿಕೊಡುತ್ತಾಳೆ, ಸಂತೋಷ ಹೆಚ್ಚಾಗಿದ್ದರೆ ತಿದ್ದುವುದು ಅವಳ ಕೈಯಲ್ಲೂ ಇಲ್ಲ.

ಮೊಮ್ಮಗಳ ಹೆಸರು ನಿವೇದಿತಾ. ಮನೆಯಲ್ಲಿ ನಿವಿ. ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಯಲ್ಲಿ ಅದಿರು ಪರೀಕ್ಷೆ ಮಾಡುವ ಕೆಲಸ. ಕಂಪನಿ ಬಸ್ಸಿನಲ್ಲಿ ಹೋಗುತ್ತಾಳೆ, ಬರುತ್ತಾಳೆ. ಅವಳಿಗೆ ಇನ್ನೊಂದು ಹೆಸರೂ ಇದೆ ಎಂದು ನಮಗೆ ಗೊತ್ತಾಗಿದ್ದು ತಡವಾಗಿ. ಹಾಡುವಾಗ ಅವಳ ಹೆಸರು ‘ಕೊಳ್ಳಿ’. ಹಾಡುವುದು ಹಿಪ್‌ಹಾಪ್. ಅದು ರಾಗ ಎಳೆದು ಹಾಡುವಂಥದ್ದಲ್ಲ, ತಾಳಕ್ಕೆ ಸರಿಯಾಗಿ ಜಗಳ ಆಡುವಂಥದ್ದು. ನಮ್ಮ ಓಣಿಯ ಹೆಂಗಸರು ನಲ್ಲಿಯ ಹತ್ತಿರ ಮೊದಲಿನಿಂದಲೂ ಇದನ್ನೇ ಮಾಡುತ್ತಿದ್ದರು, ಅದಕ್ಕೆ ಇಂಥ ಹೆಸರಿದೆ ಎಂದು ಗೊತ್ತಿರಲಿಲ್ಲ ಅಷ್ಟೇ. ಅದರಲ್ಲೂ ನಿವಿಯದು ದೆವ್ವದ ಹಾಡು. ಅದರಲ್ಲೂ ಅಂಡರ್‌ಗ್ರೌಂಡ್ ಅಂತೆ.

“ಅಂಡರ್‌ಗ್ರೌಂಡ್ ಅಂದ್ರ ಏನವ್ವಾ? ಸಂಡೂರಾಗ ಇರೋವು ಎಲ್ಲಾ ಬಯಲು ಗಣಿ. ನೆಲದಾಗ ಇಳಿದು ಹಾಡಾಕ ಜಾಗಾ ಎಲ್ಲೈತಿ?” ಎಂದು ಕೇಳಿದೆ.

“ಹಂಗಲ್ಲ ತಾತ. ಟೀವ್ಯಾಗ ಬರಂಗಿಲ್ಲ, ಸಿನಿಮಾದಾಗ ಬರಂಗಿಲ್ಲ. ಬೇಕಾದೋರು ಹುಡುಕ್ಕೊಂಡು ಬಂದು ಕೇಳ್ತಾರ.”

“ಅಂದ್ರ ಯಾರಿಗೂ ಗೊತ್ತಿಲ್ಲ ಅಂತ ಹೇಳು.”

“ಹೂಂ ತಾತ. ಆದ್ರ ಹಂಗ ಅನ್ನಬಾರದು.”

ಅವಳ ಹಾಡುಗಳ ಗೊಂಚಲಿಗೆ ‘ಮೂರನೇ ಪಾಳಿಯ ಬಸ್ಸು’ ಎಂದು ಹೆಸರು. ಯಶವಂತನಗರದ ಇಳಿಜಾರಿನಲ್ಲಿ ಗಣಿ ಕೆಲಸಗಾರರನ್ನು ಹೊತ್ತ ಬಸ್ಸೊಂದು ಬರುತ್ತದೆ. ಒಳಗೆ ಕಾಲಿಟ್ಟಲ್ಲೆಲ್ಲ ಕೆಂಪು ಧೂಳು. ಬಸ್ಸಿನ ತುಂಬ ಜನ. ಆದರೆ ಆ ಧೂಳಿನಲ್ಲಿ ಒಬ್ಬರದೂ ಹೆಜ್ಜೆಗುರುತಿಲ್ಲ! ಇದನ್ನು ಮೊದಲ ಸಲ ಅವಳ ಮೊಬೈಲಿನಲ್ಲಿ ಕೇಳಿದ್ದು ಹಾಡಹಗಲಲ್ಲಿ, ಹಿತ್ತಲಿನಲ್ಲಿ ನುಗ್ಗೆ ಮರದ ಕೆಳಗೆ ಕುಳಿತು. ಕೇಳಿ ಮುಗಿದ ಮೇಲೆ ಎದ್ದು ಒಳಗೆ ಬರಬೇಕಲ್ಲ, ಮೊದಲು ನೆಲ ನೋಡಿದೆ. ನನ್ನ ಹೆಜ್ಜೆ ಮೂಡಿತ್ತು. ಆಮೇಲೆ ಧೈರ್ಯವಾಗಿ ಬಂದೆ.

ನನ್ನ ಹೆಂಡತಿ ಪಾರ್ವತವ್ವನಿಗೆ ಮಾತ್ರ ಈ ದೆವ್ವ ಒಪ್ಪಿಗೆಯಾಗಲಿಲ್ಲ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಹಾಡೆಲ್ಲ ಕೇಳಿ, “ಇದು ಎಂಥಾ ದೆವ್ವನ ನಿವಿ? ಬರೇ ಹೆದರಸ್ತೈತಿ. ದೆವ್ವಕ್ಕ ಹೊಟ್ಟಿ ಇರತೈತಿ. ಹಸಗೊಂಡು ಸತ್ತದ್ದು ಹೆದರಸಾಕ ಬರಂಗಿಲ್ಲ, ಉಣ್ಣಾಕ ಬರತೈತಿ” ಎಂದಳು.

“ಬಂದು ಏನಂತೈತಿ ಅಜ್ಜಿ?”

ಪಾರ್ವತವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಕತ್ತು ಒಂದಿಷ್ಟು ವಾಲಿಸಿ, ನಾನು ಯಾವತ್ತೂ ಕೇಳಿರದ ಒಂದು ಒಣಗಿದ ದನಿ ತೆಗೆದು, “ಇನ್ನೊಂದ್ ಹಾಕವ್ವಾ...” ಎಂದಳು. ನಿವಿ ಅದನ್ನು ಅಲ್ಲೇ ಮೊಬೈಲಿನಲ್ಲಿ ಹಿಡಿದುಕೊಂಡಳು. ಕೊನೆಯ ಹಾಡಿನ ಕೊನೆಯಲ್ಲಿ ಅಜ್ಜಿಯ ಆ ದನಿಯನ್ನೇ ಕೂರಿಸಿದಳು. ಇಷ್ಟು ವರ್ಷ ಸಂಸಾರ ಮಾಡಿದರೂ ನನ್ನ ಹೆಂಡತಿಯೊಳಗೆ ಇಂಥದ್ದೊಂದು ದನಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಅವತ್ತಿನಿಂದ ಇನ್ನೊಂದು ರೊಟ್ಟಿ ಬೇಕಾದರೆ ನಾನು ಬಾಯಿಬಿಟ್ಟು ಕೇಳುವುದನ್ನು ಬಿಟ್ಟಿದ್ದೇನೆ. ತಟ್ಟೆಯನ್ನು ಸುಮ್ಮನೆ ಮುಂದೆ ಸರಿಸುತ್ತೇನೆ.

ಇದೆಲ್ಲ ಮೊಬೈಲಿನಲ್ಲಿ ಹೇಗೋ ನಡೆದುಕೊಂಡು ಹೋಗುತ್ತಿತ್ತು. ನಿವಿಗೆ ಪ್ಲೇಟು ಮಾಡಿಸುವ ಹುಚ್ಚು ಹತ್ತಿತು. ಪ್ಲೇಟು ಎಂದರೆ ಹಳೆಯ ಕಾಲದ ಗ್ರಾಮಫೋನ್ ಪ್ಲೇಟು, ನಮ್ಮ ಅಂಗಡಿಯಲ್ಲಿ ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಎಸೆದಂಥವು. ಈಗ ಅದಕ್ಕೆ ಮತ್ತೆ ಮರ್ಯಾದೆ ಬಂದಿದೆಯಂತೆ. ಇನ್ನೂರೇ ಪ್ಲೇಟು ಮಾಡಿಸುವುದು, ಪ್ರತಿಯೊಂದರ ಮೇಲೂ ಕೈಯಿಂದ ನಂಬರು ಬರೆಯುವುದು, ಮುಗಿದ ಮೇಲೆ ಯಾರು ಬೇಡಿಕೊಂಡರೂ ಮತ್ತೆ ಮಾಡಿಸದಿರುವುದು. ನಮ್ಮ ಕಾಲದಲ್ಲಿ ಹೆಚ್ಚು ಪ್ಲೇಟು ಹೋದವನು ದೊಡ್ಡವನು, ಈಗ ಕಡಿಮೆ ಮಾಡಿಸಿದವನು ದೊಡ್ಡವನು. ಇರಲಿ. ಯಾಕವ್ವಾ ಇಷ್ಟೆಲ್ಲ ಎಂದರೆ ಅವಳ ಉತ್ತರ ಕೇಳಿ: “ಮೊಬೈಲ್‌ನ್ಯಾಗ ಹೆದರಿಕಿ ಆದ್ರ ಬೆರಳಿನ್ಯಾಗ ಸರಿಸಿಬಿಡ್ತಾರ ತಾತ. ಪ್ಲೇಟು ಹಾಕಿದ್ರ ಎದ್ದು ಹೋಗಿ ಮುಳ್ಳು ಎತ್ತಬೇಕು. ಅಷ್ಟೊತ್ತಿಗೆ ಹೆದರಿ ಮುಗಿದಿರತೈತಿ.” ನನ್ನ ಎದೆ ಉಬ್ಬಿತು. ಗ್ರಾಮಫೋನಿನ ಸೂಜಿಗೆ ನಾವು ಮುಳ್ಳು ಅನ್ನುತ್ತಿದ್ದೆವು. ಆ ಮಾತು ಈ ಮನೆಯಲ್ಲಿ ನನ್ನೊಂದಿಗೇ ಹೋಗುತ್ತದೆ ಎಂದುಕೊಂಡಿದ್ದೆ. ಅದು ಮೊಮ್ಮಗಳ ಬಾಯಲ್ಲಿ ಬಂತು.

ಕಷ್ಟ ಇದ್ದದ್ದು ನನ್ನ ಮಗನದು. ನಿವಿಯ ಅಪ್ಪ ಬಸವರಾಜ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಅವನಿಗೆ ಸದ್ದು ಆಗುವುದಿಲ್ಲ. ನಮ್ಮ ಮನೆಯಲ್ಲಿ ಅವನು ಆಫೀಸಿಗೆ ಹೋದ ಮೇಲೇ ಮಿಕ್ಸರು ತಿರುಗುವುದು. ಕುಕ್ಕರು ಸೀಟಿ ಹೊಡೆದರೆ, ಅದನ್ನು ಕರೆದು ಬುದ್ಧಿ ಹೇಳುವವನಂತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಮೈಕ್‌ಸೆಟ್‌ನವನ ಹೊಟ್ಟೆಯಲ್ಲಿ ಇಂಥವನು ಹೇಗೆ ಹುಟ್ಟಿದ ಎಂದು ಕೇಳಬೇಡಿ. ಮೈಕ್‌ಸೆಟ್‌ನಿಂದಲೇ ಹೀಗಾದದ್ದು ಎಂದು ಅವನು ಹೇಳುತ್ತಾನೆ.

ಅದಕ್ಕೊಂದು ಕತೆಯಿದೆ. ಚೋರನೂರಿನ ಕಡೆ ಒಂದು ಮದುವೆ. ಬೀಗರ ದಿಬ್ಬಣ ಬರುವ ಹೊತ್ತಿಗೆ ನಾನು ಯಾವುದೋ ವಿರಹದ ಪ್ಲೇಟು ಹಾಕಿ ಬೀಡಿ ಸೇದಲು ಹೋಗಿದ್ದೆ. ಪ್ಲೇಟಿನ ಗೆರೆ ಸವೆದರೆ ಮುಳ್ಳು ಮುಂದೆ ಹೋಗದೆ ಅಲ್ಲೇ ಸುತ್ತುತ್ತದೆ. ಅವತ್ತು ಅದು ಸಿಕ್ಕಿಕೊಂಡದ್ದು ‘ಬಾರೆನು’ ಎಂಬ ಮಾತಿಗೆ. ಬೇವಿನ ಮರದ ಮೇಲಿನ ಹಾರ್ನಿನಿಂದ ಬಾರೆನು, ಬಾರೆನು, ಬಾರೆನು ಎಂದು ಇಡೀ ಊರಿಗೆ ಕೇಳಿಸುತ್ತಿದೆ, ಇಲ್ಲಿ ಹೆಂಗಸರು ಆರತಿ ಹಿಡಿದು ನಿಂತಿದ್ದಾರೆ. ವರನ ತಂದೆ, “ಬ್ಯಾಡಂದ್ರ ಹೊಳ್ಳಿ ಹೊಕ್ಕೀವ್ರಿ, ಮೈಕಿನ್ಯಾಗ ಯಾಕ ಹೇಳಸ್ತೀರಿ?” ಎಂದು ಗಾಡಿ ತಿರುಗಿಸಲು ಹೇಳಿದರು. ಆ ಮದುವೆ ಉಳಿಸುವಷ್ಟರಲ್ಲಿ ನನ್ನ ಆಯುಷ್ಯ ಕಮ್ಮಿಯಾಯಿತು. ಅವತ್ತಿನಿಂದ ಪ್ಲೇಟಿನ ಪಕ್ಕ ಒಬ್ಬ ಕಾವಲಿಗೆ ಇರಲೇಬೇಕು ಎಂದು ತೀರ್ಮಾನಿಸಿ, ಬಸವರಾಜನನ್ನು ಕೂರಿಸತೊಡಗಿದೆ. ಕೆಲಸ ಒಂದೇ. ಪ್ಲೇಟು ಸಿಕ್ಕಿಕೊಂಡ ಕೂಡಲೇ ತೋರುಬೆರಳಿನಿಂದ ಮುಳ್ಳನ್ನು ಕೂದಲೆಳೆಯಷ್ಟು ಮುಂದೆ ತಳ್ಳುವುದು. ಉಳಿದ ಮಕ್ಕಳು ಹೋಳಿಗೆ ತಿಂದು ಆಡುತ್ತಿದ್ದರೆ ಇವನು ಅಂಪ್ಲಿಫೈಯರಿನ ಬುಡದಲ್ಲಿ ಬೆರಳು ಎತ್ತಿಕೊಂಡು ಕೂತಿರುತ್ತಿದ್ದ. ಶಾಲೆಯಲ್ಲಿ ಇವನನ್ನು ‘ಹಲೋ ಟೆಸ್ಟಿಂಗ್’ ಎಂದು ಕರೆಯುತ್ತಿದ್ದರಂತೆ. ಕ್ಯಾಸೆಟ್ಟು ಬಂದು ಅವನನ್ನು ಬಿಡಿಸಿತು. ಕ್ಯಾಸೆಟ್ಟು ಕಂಡುಹಿಡಿದವನ ಫೋಟೋ ಸಿಕ್ಕರೆ ಅವನು ದೇವರ ಮನೆಯಲ್ಲಿಟ್ಟು ಪೂಜೆ ಮಾಡುವವನೇ.

ಹೀಗಿರುವಾಗ ಮಗಳು ಮೈಕು ಹಿಡಿದಿದ್ದಾಳೆ, ಅದೂ ಪ್ಲೇಟು ಮಾಡಿಸುತ್ತಿದ್ದಾಳೆ ಎಂದು ತಿಳಿದಾಗ ಮನೆಯಲ್ಲಿ ಏನಾಯಿತು? ಏನೂ ಆಗಲಿಲ್ಲ. ಅವನು ಕೂಗಾಡುವವನಲ್ಲ. ಸದ್ದಾಗುತ್ತದಲ್ಲ! ಮೆಲ್ಲಗೆ, “ನಮ್ಮ ಮನ್ಯಾಗ ಒಂದು ತಲಿಮಾರಿನ ಗದ್ಲ ಸಾಕು. ಇದನ್ನ ಬಿಡು” ಎಂದ. ಸೊಸೆ ನೀರಿನ ಚೊಂಬು ಹಿಡಿದು ನಿಂತಲ್ಲೇ ನಿಂತಳು.

“ಒಂದ ಸಲ ಬಂದು ಕೇಳ್ರಿ ಅಪ್ಪಾಜಿ. ಪ್ಲೇಟು ಬಿಡುಗಡಿ ದಿನ,” ಎಂದಳು ನಿವಿ. “ಪೂರಾ ಕುಂತು ಕೇಳ್ರಿ. ನಡಕ ಎದ್ದು ಹೋದ್ರಿ ಅಂದ್ರ ಅದ ಕಡೀದು. ನಾ ಮತ್ತ ಮೈಕ್ ಮುಟ್ಟಂಗಿಲ್ಲ.”

“ಕುಂತ್ರ?”

“ಕುಂತ್ರ, ಬಿಡು ಅನ್ನೋ ಮಾತು ನೀವು ಮತ್ತ ಎತ್ತಬಾರದು.”

ಬಸವರಾಜ ತಟ್ಟೆಯಲ್ಲಿ ಕೈ ತೊಳೆದು, “ಆತು” ಎಂದು ಎದ್ದ. ಕುಕ್ಕರಿನ ಸೀಟಿ ತಡೆಯಲಾರದವನು ದೆವ್ವದ ಹಾಡು ತಡೆದುಕೊಳ್ಳುತ್ತಾನೆಯೇ? ಈ ಹುಡುಗಿ ಸೋಲುವ ಪಂದ್ಯವನ್ನೇ ಕಟ್ಟಿದಳಲ್ಲ ಎಂದು ನನ್ನ ಎದೆ ಒಡೆಯಿತು. ಪಾರ್ವತವ್ವನನ್ನು ಕೇಳಿದೆ, ಅವಳು, “ಗಂಡಸರು ಕುರ್ಚಿ ಬಿಟ್ಟು ಏಳೋದು ಭಾಳ ಕಡಿಮಿ ಬಿಡ್ರಿ” ಎಂದಳು. ಇದು ಮಗನಿಗೆ ಹೇಳಿದ್ದೋ ನನಗೆ ಹೇಳಿದ್ದೋ ವಿಚಾರಿಸಲು ಹೋಗಲಿಲ್ಲ.

ಪ್ಲೇಟಿನ ಡಬ್ಬಗಳು ಬಂದ ದಿನ ನಾನು ಮನೆಯಲ್ಲಿ ಮದುಮಗನಂತೆ ಓಡಾಡಿದೆ. ಒಂದನ್ನು ತೆಗೆದು ಕೈಗೆ ಕೊಟ್ಟಳು. ಕೆಂಪು ಪ್ಲೇಟು! ಪ್ಲೇಟು ಎಂದರೆ ಕಪ್ಪು ಎಂದೇ ತಿಳಿದವನು ನಾನು. ಇದು ಸಂಡೂರಿನ ಮಣ್ಣು ಕಲಸಿ ಮಾಡಿದಂತೆ ಅದಿರಿನ ಕೆಂಪು, ನಡುನಡುವೆ ಕಪ್ಪು ಮೋಡ. ಬೆಳಕಿಗೆ ಹಿಡಿದೆ. ಮೂಸಿ ನೋಡಿದೆ. ಅಂಚು ಹಿಡಿಯಬೇಕು, ಮೈ ಮುಟ್ಟಬಾರದು, ಎಲ್ಲ ನೆನಪಿತ್ತು. “ತಾತ, ಅವತ್ತು ಮೊದಲ್ನೇ ಮುಳ್ಳು ನೀವ ಇಡಬೇಕು” ಎಂದಳು ನಿವಿ. ಆ ಮಾತು ಕೇಳಿ ನಾನು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನುಗ್ಗೆ ಮರ ನೋಡುತ್ತಾ ನಿಂತಿದ್ದೆ. ಕಣ್ಣಿಗೆ ಏನೋ ಬಿದ್ದಿತ್ತು ಅಂತ ಇಟ್ಟುಕೊಳ್ಳಿ.

ಬಿಡುಗಡೆ ಇಟ್ಟುಕೊಂಡಿದ್ದು ಕಂಪ್ಲಿಯಲ್ಲಿ, ನಿಂತುಹೋದ ಒಂದು ಅಕ್ಕಿ ಗಿರಣಿಯ ಗೋದಾಮಿನಲ್ಲಿ. ತಗಡಿನ ಗೋದಾಮು ಗುಂಯ್‌ಗುಡುವುದು ದೆವ್ವದ ಹಾಡಿಗೆ ಒಳ್ಳೆಯದಂತೆ. ಭಾನುವಾರ, ಮಟಮಟ ಮಧ್ಯಾಹ್ನ. ದೆವ್ವ ತಿರುಗುವ ಹೊತ್ತು ಅದೇ ಎಂದು ಹೇಳಿಕೊಟ್ಟವಳೂ ಪಾರ್ವತವ್ವನೇ. ಬಸವರಾಜ ಕಾರು ಓಡಿಸಿಕೊಂಡು ಬಂದ. ಗದ್ದೆ, ಕಾಲುವೆ, ಬಾಳೆತೋಟ ಎಲ್ಲ ಹಿಂದೆ ಸರಿದವು. ಇಳಿಯುವಾಗ ಅವನು ಜೇಬಿನಿಂದ ಒಂದಿಷ್ಟು ಹತ್ತಿ ತೆಗೆದು ಕಿವಿಗೆಂದು ಉಂಡೆ ಮಾಡಿದ.

ನಿವಿ ಬಾಗಿಲಲ್ಲೇ ನಿಂತಿದ್ದಳು. ತಲೆಗೆ ಗಣಿಯವರ ಹೆಲ್ಮೆಟ್ಟು, ಅದರ ಹಣೆಯ ಮೇಲೆ ದೀಪ. ಮುಖದ ತುಂಬ ವಿಭೂತಿ. “ಹತ್ತಿ ತೆಗೀರಿ ಅಪ್ಪಾಜಿ. ಹತ್ತಿ ಇಟ್ಕೊಂಡು ಕೇಳೋ ಮಾತಾಗಿಲ್ಲ.”

ಬಸವರಾಜ ಕೊಟ್ಟುಬಿಟ್ಟ. ಪಾರ್ವತವ್ವ ಮೊಮ್ಮಗಳ ಮುಖ ನೋಡಿ, “ಇದು ದೇವರ ಮನೀ ವಿಭೂತಿ ಹೌದಿಲ್ಲೋ? ಆಮ್ಯಾಲ ನೀರಾಗ ತೊಳದು ಗಟಾರಕ್ಕ ಬಿಡಬ್ಯಾಡ. ಅರಿವೀಲೆ ಒರಸ್ಕೋ” ಎಂದು ಒಳಗೆ ನಡೆದಳು.

ಒಳಗೆ ಕಪ್ಪು ಅಂಗಿಯ ಹುಡುಗ ಹುಡುಗಿಯರು ಕಿಕ್ಕಿರಿದಿದ್ದರು. ಕೆಲವರು ಪಾಳಿ ಮುಗಿಸಿ ಕಾರ್ಖಾನೆಯ ಬೂಟಿನಲ್ಲೇ ಬಂದಿದ್ದರು. ನಾನು ಮೈಕ್‌ಸೆಟ್‌ನ ತಾತ ಎಂದು ಗೊತ್ತಾಗಿ ಮೂಗು ಚುಚ್ಚಿಸಿಕೊಂಡ ಹುಡುಗನೊಬ್ಬ ಕಾಲಿಗೆ ಬಿದ್ದ. ಬೇರೆ ದಿನ ಆಗಿದ್ದರೆ ಒಂದು ವಾರ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ಅವತ್ತು ಕಣ್ಣೆಲ್ಲ ಮಗನ ಮೇಲೆ. ಮನೆಯವರಿಗೆಂದು ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಬಸವರಾಜ ತನ್ನ ಕುರ್ಚಿ ಎತ್ತಿಕೊಂಡು ಹೋಗಿ ಪಕ್ಕದ ಸಣ್ಣ ಬಾಗಿಲಿಗೆ ಆತುಕೊಂಡು ಹಾಕಿಕೊಂಡ. ಏಳುವುದು, ಕದ ತಳ್ಳುವುದು, ಎರಡೇ ಕೆಲಸ.

ನನ್ನನ್ನು ಕರೆದರು. ಮೇಜಿನ ಮೇಲೆ ಹೊಸ ನಮೂನೆಯ ಪ್ಲೇಯರು, ಅದಕ್ಕೊಂದು ಸಣ್ಣ ಕೆಂಪು ದೀಪ. ಪಕ್ಕದಲ್ಲೊಂದು ಮೈಕು. ಮುಳ್ಳನ್ನು ಪ್ಲೇಟಿನ ಅಂಚಿಗೆ ಇಟ್ಟೆ. ಹಾಡು ಶುರುವಾಗುವ ಮುಂಚೆ ಒಂದು ಚಿಟಿಚಿಟಿ ಸದ್ದು ಬರುತ್ತದಲ್ಲ, ಒಗ್ಗರಣೆಗೆ ಸಾಸಿವೆ ಹಾಕಿದಂತೆ, ಅದು ಬಂತು. ಅಷ್ಟು ದೊಡ್ಡ ಸ್ಪೀಕರುಗಳಲ್ಲಿ ಅದನ್ನು ಕೇಳಿ ಎಷ್ಟೋ ವರ್ಷವಾಗಿತ್ತು. ಬಂದು ಕುರ್ಚಿಯಲ್ಲಿ ಕೂತೆ ಅನ್ನುವುದಕ್ಕಿಂತ ಬಿದ್ದೆ ಅನ್ನಬೇಕು. ಬಾಗಿಲು ಮುಚ್ಚಿದರು. ತಗಡಿನ ತೂತುಗಳಿಂದ ಬಿಸಿಲು ದಬ್ಬಣದಂತೆ ಇಳಿಯುತ್ತಿತ್ತು, ಅದನ್ನೂ ಗೋಣಿಚೀಲ ಸಿಕ್ಕಿಸಿ ಮುಚ್ಚಿದರು.

ಬಸ್ಸಿನ ಇಂಜಿನು ಗುಡುಗಿತು. ತಗಡು ನಡುಗಿ, ಜಂತಿಯ ಮೇಲೆ ವರ್ಷಗಟ್ಟಲೆ ಕೂತಿದ್ದ ತೌಡು ನಮ್ಮೆಲ್ಲರ ತಲೆಯ ಮೇಲೆ ಉದುರಿತು. ನಿವಿ ಹೆಲ್ಮೆಟ್ಟಿನ ದೀಪ ಹೊತ್ತಿಸಿಕೊಂಡು ಪ್ಲೇಟಿನ ಜೊತೆಜೊತೆಗೇ ಹಾಡತೊಡಗಿದಳು. ಹುಡುಗರು ಕಿರುಚಿದರು. ನಾನು ಅವಳನ್ನು ನೋಡಿದ್ದು ಕಡಿಮೆ, ಬಾಗಿಲ ಕಡೆ ನೋಡಿದ್ದು ಹೆಚ್ಚು. ಅವಳ ದೀಪ ಆ ಕಡೆ ತಿರುಗಿದಾಗಲೆಲ್ಲ ಬಸವರಾಜನ ಮುಖ ಒಂದು ಕ್ಷಣ ಕಂಡು ಮಾಯವಾಗುತ್ತಿತ್ತು. ಒಂದು ಸಲ ಗಡಿಯಾರ ನೋಡುತ್ತಿದ್ದ. ಒಂದು ಸಲ ಕರ್ಚೀಪು ಮಡಚುತ್ತಿದ್ದ. ಕರ್ಚೀಪು ಮಡಚಿ ಜೇಬಿಗಿಟ್ಟರೆ ಏಳುತ್ತಾನೆ ಎಂದು ಲೆಕ್ಕ ಹಾಕಿ, ಅದು ಜೇಬಿಗೆ ಹೋಗದಿರಲಿ ಎಂದು ಎಲ್ಲ ದೇವರನ್ನೂ ಬೇಡಿಕೊಂಡೆ.

“ಕಾಲು ಅಲ್ಲಾಡಸಾಕ ಹತ್ತ್ಯಾನ ನೋಡ್ರಿ,” ಪಾರ್ವತವ್ವ ನನ್ನ ಕಿವಿಯಲ್ಲಿ ಹೇಳಿದಳು.

“ತಾಳಕ್ಕೋ, ಸಿಟ್ಟಿಗೋ?”

“ಕತ್ತಲಾಗ ಹೆಂಗ ಗೊತ್ತಾಗಬೇಕ್ರಿ? ನೀವೊಂದೀಟು ಸುಮ್ಮ ಕುಂದ್ರಿ.”

ಹಾಡು ಮುಗಿದು ಹಾಡು ಬಂತು. ಅವನು ಎದ್ದಿಲ್ಲ. ಹೆಜ್ಜೆಗುರುತಿಲ್ಲದ ಹಾಡು ಬಂತು. ಅದಕ್ಕೂ ಎದ್ದಿಲ್ಲ. ಕೊನೆಯ ಹಾಡು, ಹಸಿದ ದೆವ್ವದ್ದು, ಶುರುವಾದಾಗ ನನಗೆ ಆಸೆ ಹುಟ್ಟಿತು. ಇದೊಂದು ಮುಗಿದರೆ ನಿವಿ ಗೆದ್ದಳು. ಹಾಡು ಮುಗಿಯುವ ಹೊತ್ತಿಗೆ ನಿವಿ ಹೆಲ್ಮೆಟ್ಟಿನ ದೀಪವನ್ನೂ ಆರಿಸಿದಳು. ಎದುರಿಗೆ ಕಾಣುವುದು ಪ್ಲೇಯರಿನ ಆ ಕೆಂಪು ಚುಕ್ಕೆ ಒಂದೇ. ಆಗ ಬಂತು ಪಾರ್ವತವ್ವನ ದನಿ. “ಇನ್ನೊಂದ್ ಹಾಕವ್ವಾ...”

ಮೊಬೈಲಿನಲ್ಲಿ ಇದು ಎರಡು ಸಲ ಬಂದು ನಿಲ್ಲುತ್ತದೆ. ಇಲ್ಲಿ ಎರಡಾಯಿತು, ಮೂರಾಯಿತು. ನಾಲ್ಕನೆಯದೂ ಬಂತು. ನನ್ನ ಬೆನ್ನಹುರಿಯಲ್ಲಿ ತಣ್ಣಗಾಯಿತು. ದೆವ್ವಕ್ಕಲ್ಲ. ಪ್ಲೇಟು ಸಿಕ್ಕಿಕೊಂಡಿತ್ತು! ಇಷ್ಟು ಜನರ ಮುಂದೆ, ನಾನಿಟ್ಟ ಮುಳ್ಳು, ಮೊಮ್ಮಗಳ ಮೊದಲ ಪ್ಲೇಟು, ಮದುವೆಯ ಮನೆಯಲ್ಲಿ ಸಿಕ್ಕಿಕೊಂಡಂತೆ ಸಿಕ್ಕಿಕೊಂಡಿತ್ತು. ಇನ್ನೊಂದ್ ಹಾಕವ್ವಾ, ಇನ್ನೊಂದ್ ಹಾಕವ್ವಾ. ಯಾರಾದರೂ ತಳ್ಳುತ್ತಾರೆ ಎಂದು ಕಾದೆ. ಯಾರೂ ತಳ್ಳಲಿಲ್ಲ. ಈಗಿನ ಹುಡುಗರಿಗೆ ಏನು ಗೊತ್ತು? ಗಾಬರಿಯಲ್ಲಿ ಮಗನ ಕಡೆ ನೋಡಿದೆ. ಸಣ್ಣ ಬಾಗಿಲ ಸಂದಿಯಿಂದ, ಇಷ್ಟು ಹೊತ್ತು ಅವನ ಮೈ ಮರೆಮಾಡಿದ್ದ ಒಂದು ಗೆರೆ ಬೆಳಕು ಬೀಳುತ್ತಿತ್ತು. ಆ ಬೆಳಕಿನಲ್ಲಿ ಕುರ್ಚಿ ಕಂಡಿತು. ಖಾಲಿ ಕುರ್ಚಿ.

ಎದ್ದು ಹೋಗಿಬಿಟ್ಟ! ಇನ್ನೇನು ಮುಗಿಯಬೇಕು ಅನ್ನುವಾಗ ಎದ್ದು ಹೋದ. ಹುಡುಗಿಗೆ ಇನ್ನು ಮೈಕಿಲ್ಲ. ಮಗನ ಹಿಂದೆ ಓಡಿ ಕರೆತರಲೋ, ಪ್ಲೇಟು ಬಿಡಿಸಲೋ? ಮಗ ನನ್ನ ಮಾತು ಯಾವತ್ತೂ ಕೇಳಿದವನಲ್ಲ, ಮುಳ್ಳು ಕೇಳುತ್ತದೆ. ಎದ್ದೆ. ಪಾರ್ವತವ್ವ ನನ್ನ ಅಂಗಿ ಹಿಡಿದು ಎಳೆದಳು, ಕೊಸರಿಕೊಂಡೆ. ತೋರುಬೆರಳು ಮುಂದೆ ಚಾಚಿಕೊಂಡು ಆ ಕೆಂಪು ಚುಕ್ಕೆಯ ಕಡೆ ನಡೆದೆ. ಮೇಜು ಮುಟ್ಟಿದೆ. ಬಗ್ಗಿದೆ. ಮುಳ್ಳು ಎಲ್ಲಿದೆ ಎಂದು ಮೆಲ್ಲಗೆ ಬೆರಳು ತಂದರೆ, ಅಲ್ಲಿ ಇನ್ನೊಂದು ಬೆರಳಿತ್ತು.

ತಣ್ಣಗಿತ್ತು, ಬೆವೆತಿತ್ತು, ನನ್ನ ಬೆರಳಿಗೆ ತಾಗಿತು. ಅದೇ ಹೊತ್ತಿಗೆ ಕಿವಿಯ ಪಕ್ಕದಲ್ಲಿ “ಇನ್ನೊಂದ್ ಹಾಕವ್ವಾ” ಎಂದಿತು. ಆಮೇಲೆ ನಾನು ಏನು ಮಾಡಿದೆನೆಂದು ನಾನು ಹೇಳುವುದಕ್ಕಿಂತ ಅಲ್ಲಿದ್ದವರು ಹೇಳಿದ್ದೇ ಸರಿ. “ಅಯ್ಯಯ್ಯಪ್ಪೋ!” ಎಂದು ಬೊಬ್ಬೆ ಹೊಡೆದೆನಂತೆ. ಆ ಬೆರಳಿನವನೂ ಅದನ್ನೇ ಹೊಡೆದನಂತೆ. ಮೇಜಿನ ಮೇಲೆ ಚಾಲೂ ಇದ್ದ ಮೈಕು ಎರಡನ್ನೂ ಸ್ಪೀಕರಿಗೆ ಕೊಟ್ಟಿತು. ಗಾಬರಿಯಲ್ಲಿ ತಲೆಗೆ ತಲೆ ಢಂ ಎಂದು ಬಡಿಯಿತು. ಮುಳ್ಳು ಪ್ಲೇಟಿನ ಮೇಲೆ ಅಡ್ಡಡ್ಡ ಗರ್‌ರ್‌ರ್ ಎಂದು ಕೊರೆದುಕೊಂಡು ಹೋದ ಸದ್ದಿಗೆ ಗೋದಾಮಿನಲ್ಲಿದ್ದ ಅಷ್ಟೂ ಜನ, ಕಾರ್ಖಾನೆ ಬೂಟಿನವರೂ ಸೇರಿ, ಚೀರಿದರು.

ಹೆಲ್ಮೆಟ್ಟಿನ ದೀಪ ಹೊತ್ತಿತು. ನನ್ನ ಎದುರಿಗೆ ಬಸವರಾಜ. ಹಣೆ ಉಜ್ಜಿಕೊಳ್ಳುತ್ತಿದ್ದಾನೆ. ಬಲಗೈ ತೋರುಬೆರಳು ಇನ್ನೂ ಹಾಗೇ ಎತ್ತಿದ್ದಾನೆ.

ಜನ ಚಪ್ಪಾಳೆ ಹೊಡೆದರು, ಇದೂ ಆಟದ ಭಾಗ ಎಂದುಕೊಂಡು. ನಿವಿಗೆ ಮಾತ್ರ ಅದು ಕೇಳಿಸಲೇ ಇಲ್ಲ. “ಅಪ್ಪಾಜಿ, ಕುರ್ಚಿ ಬಿಟ್ಟು ಎಲ್ಲಿ ಹೊಂಟಿದ್ರಿ?” ಎಂದಳು. ಅವಳಿಗೂ ಆ ಖಾಲಿ ಕುರ್ಚಿ ಕಂಡಿತ್ತು.

“ಪ್ಲೇಟು ಸಿಕ್ಕಿತ್ತಲ್ಲ,” ಎಂದ ಬಸವರಾಜ.

“ಅದು ಸಿಕ್ಕಿಲ್ರೀ. ನಾನ ಹಂಗ ಕೊರಸೀನಿ. ಕಡೀ ಗೆರಿ ಮುಂದ ಹೋಗಂಗಿಲ್ಲ, ಅಲ್ಲೇ ಸುತ್ತತೈತಿ. ಇನ್ನೂರು ಪ್ಲೇಟಿನ್ಯಾಗೂ ಹಂಗ ಐತಿ. ಅಜ್ಜಿ ದನೀ ಮ್ಯಾಲ ನಾನು ಹಾಡೋದಿತ್ತು.”

ನಾನು ಮುಖ ಎಲ್ಲಿಡಬೇಕೋ ತಿಳಿಯದೆ ಜಂತಿ ನೋಡಿದೆ. ಬಸವರಾಜ ಹಣೆಯಿಂದ ಕೈ ತೆಗೆದ. “ಮೊದಲ ಹೇಳಬಾರದೇನು?” ಎಂದ. ಆಮೇಲೆ ಯಾರೂ ಹೇಳದೆ ಬಗ್ಗಿ, ಮುಳ್ಳಿನ ತುದಿಯನ್ನು ಉಫ್ ಎಂದು ಊದಿ ಧೂಳು ಹಾರಿಸಿದ. ಡಬ್ಬದಿಂದ ಹೊಸ ಪ್ಲೇಟು ತೆಗೆದ. ಅಂಚು ಹಿಡಿದು. ಅದನ್ನು ಓರೆಯಾಗಿ ದೀಪಕ್ಕೆ ಹಿಡಿದು, ಹಾಡು ಹಾಡಿನ ನಡುವಿನ ಸಂದು ಹುಡುಕಿ, ಕೊನೆಯ ಹಾಡಿನ ಬಾಯಿಗೆ ಸರಿಯಾಗಿ ಮುಳ್ಳಿಟ್ಟ. ಒಂದು ಕೂದಲು ಹಿಂದಿಲ್ಲ, ಮುಂದಿಲ್ಲ. “ಹಾಡು ನೀನು,” ಎಂದ. “ನಾ ಇಲ್ಲೇ ಇರ್ತೀನಿ.”

ನಿವಿ ಹಾಡಿದಳು. ಪಾರ್ವತವ್ವನ ದನಿ ಸುತ್ತುತ್ತಲೇ ಇತ್ತು, ಅದರ ಮೇಲೆ ಹುಡುಗಿ ಬೆಂಕಿ ಉಗುಳಿದಳು. ಬಸವರಾಜ ಮುಗಿಯುವವರೆಗೂ ಆ ಸ್ಪೀಕರಿನ ಬಾಯಿಗೇ ನಿಂತಿದ್ದ. ಬಾಗಿಲ ಹತ್ತಿರದ ಕುರ್ಚಿಗೆ ವಾಪಸು ಹೋಗಲೇ ಇಲ್ಲ.

ತಿರುಗಿ ಬರುವಾಗ ಕಾರಿನಲ್ಲಿ ಮತ್ತೆ ಕರಾರಿನ ಮಾತು ಬಂತು. ನಿವಿ ಹಿಂದಿನ ಸೀಟಿನಿಂದ ಹೆದರುತ್ತಲೇ, “ಅಪ್ಪಾಜಿ, ನೀವು ನಡಕ ಎದ್ದಿದ್ದಂತೂ ಖರೇ” ಎಂದಳು. ಈ ಹುಡುಗಿಗೆ ಬುದ್ಧಿ ಇದೆಯೇ, ಗೆದ್ದ ಪಂದ್ಯವನ್ನು ತಾನೇ ಕೆದಕುತ್ತಾಳಲ್ಲ ಎಂದು ನಾನು ಅವಳ ಕಾಲು ತುಳಿದೆ. ಬಸವರಾಜ ಗೇರು ಬದಲಿಸಿದ. ತೀರ್ಪು ಕೊಟ್ಟವಳು ಪಾರ್ವತವ್ವ. “ಅವ ಎದ್ದಿದ್ದು ಹೋಗಾಕಲ್ಲ ಬಿಡ, ಬರಾಕ.”

ಪ್ಲೇಟುಗಳೆಲ್ಲ ಹೋದವು. ಗೀರು ಬಿದ್ದ ಒಂದು ನಮ್ಮ ಮನೆಯಲ್ಲಿದೆ. ಸಂಡೂರಿನಲ್ಲಿ ಇನ್ನೊಂದು ಕಾರ್ಯಕ್ರಮ ಗೊತ್ತಾಗಿದೆ, ಅಲ್ಲಿ ಪ್ಲೇಟಿನ ಜವಾಬ್ದಾರಿ ಬಸವರಾಜನದು. ಸಂತೋಷದಿಂದ ನಾನು ಅಂಗಿ ಇಸ್ತ್ರಿಗೆ ಕೊಟ್ಟು ಬಂದೆ. ಆದರೆ ಮೊಮ್ಮಗಳು ನನ್ನನ್ನು ಎದುರಿಗೆ ಕೂರಿಸಿಕೊಂಡು, “ತಾತ, ಸಂಡೂರಿಗೆ ಬರ್ರಿ. ಆದ್ರ ನಡಕ ಏಳಬಾರದು. ಎದ್ರಿ ಅಂದ್ರ ಆಮ್ಯಾಲ ಎಲ್ಲಿಗೂ ಕರಕೊಂಡು ಹೋಗಂಗಿಲ್ಲ” ಎಂದಳು. ಆಗಲವ್ವಾ ಎಂದೆ. ಎಷ್ಟು ಸುಲಭವಾಗಿ ಅಂದುಬಿಟ್ಟೆ!

ಈಗ ಬಸವರಾಜ ಆಫೀಸಿನಿಂದ ಬಂದವನೇ ಕೋಣೆಯ ಬಾಗಿಲು ಹಾಕಿಕೊಂಡು, ಅಭ್ಯಾಸ ಎಂದು ಹೇಳಿ ಆ ಪ್ಲೇಟು ಹಚ್ಚುತ್ತಾನೆ. ಇದನ್ನು ಬರೆಯುತ್ತಿರುವಾಗಲೂ ಪಕ್ಕದ ಕೋಣೆಯಲ್ಲಿ ಕೊನೆಯ ಗೆರೆ ಸುತ್ತುತ್ತಿದೆ. ಇನ್ನೊಂದ್ ಹಾಕವ್ವಾ, ಇನ್ನೊಂದ್ ಹಾಕವ್ವಾ. ಅದು ಸಿಕ್ಕಿಕೊಂಡದ್ದಲ್ಲ, ಹಾಗೇ ಇರಬೇಕಾದದ್ದು. ತಲೆಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ. ಅದನ್ನು ಹಿಡಿದು ಕೂರಿಸಲು ನನಗೆ ಸಿಕ್ಕ ಉಪಾಯ ಒಂದೇ, ಕೈಗೆ ಪೆನ್ನು ಕೊಡುವುದು. ಇಷ್ಟುದ್ದ ಬರೆದದ್ದು ಅದಕ್ಕೇ. ಬರೆಯುವುದೆಲ್ಲ ಮುಗಿದಿದೆ, ಪೆನ್ನು ಕೆಳಗಿಡಲು ಧೈರ್ಯ ಬರುತ್ತಿಲ್ಲ.